ಸಹಾಯ ಬೇಕು: ಪೋಸ್ಟ್‌ಗ್ರೆಸ್ ಡೇಟಾಬೇಸ್ ಅಪ್‌ಗ್ರೇಡ್ ಅರ್ಧಕ್ಕೆ ನಿಂತಿದೆ, ಹಳೇ ಲಾಗ್ ಏನು ಮಾಡಲಿ?

ಎಲ್ಲರಿಗೂ ನಮಸ್ಕಾರ. ವಿಜಯಪುರದ ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ರೈತರು ಇಟ್ಟ ಒಣದ್ರಾಕ್ಷಿ ಬಾಕ್ಸ್‌ಗಳ ಲೆಕ್ಕವೆಲ್ಲ ಪೋಸ್ಟ್‌ಗ್ರೆಸ್‌ನಲ್ಲೇ ಇದೆ.

ನಿನ್ನೆ ರಾತ್ರಿ ವರ್ಶನ್ 13ರಿಂದ 16ಕ್ಕೆ ಹೋಗಲು ಅದರ ಅಪ್‌ಗ್ರೇಡ್ ಟೂಲ್ ಪಿಜಿ ಅಪ್‌ಗ್ರೇಡ್ (pg_upgrade) ಓಡಿಸಿದೆ. ಸ್ಕೀಮಾ (ಟೇಬಲ್‌ಗಳ ರಚನೆ) ರಿಸ್ಟೋರ್ ಆಗುವಾಗ ಡಿಸ್ಕ್ ತುಂಬಿ ನಿಂತುಹೋಯಿತು. ಹಳೇ ಫೈಲ್‌ಗಳನ್ನೇ ಹಂಚಿಕೊಳ್ಳುವ ಲಿಂಕ್ ಮೋಡ್ ಅಲ್ಲ, ನಕಲು ಮಾಡುವ ಕಾಪಿ ಮೋಡ್. ಹಾಗಾಗಿ ಹಳೇ ಡೇಟಾ ಸುರಕ್ಷಿತವಾಗಿದೆ, ಬೆಳಿಗ್ಗೆ ಅದರ ಮೇಲೆಯೇ ಗೇಟ್ ಪಾಸ್ ಕೊಟ್ಟೆವು. ಜಾಗ ಖಾಲಿ ಮಾಡಿದ್ದೇನೆ.

ಈಗ ಹೊಸ ಕ್ಲಸ್ಟರ್‌ಗೆ (16ರ ಡೇಟಾ ಫೋಲ್ಡರ್‌ಗೆ) ಮತ್ತೆ ಇನಿಟ್‌ಡಿಬಿ (initdb) ಮಾಡಬೇಕು, ಅಂದರೆ ಮೊದಲಿನಿಂದ ಸಿದ್ಧಪಡಿಸಬೇಕು. ಅದಕ್ಕೆ ಫೋಲ್ಡರ್ ಖಾಲಿ ಇರಬೇಕು. ಆದರೆ ಅಪ್‌ಗ್ರೇಡ್‌ನಲ್ಲಿ ಏನಾಯಿತು ಅಂತ ಬರೆದಿಡುವ ಲಾಗ್‌ಗಳು ಕೂತಿರುವುದೂ ಆ ಹೊಸ ಡೇಟಾ ಫೋಲ್ಡರ್ ಒಳಗೇ ಅಲ್ವಾ! ಅದರಲ್ಲಿ ದಿನಾಂಕ, ಸಮಯದ ಹೆಸರಿನ ಎರಡು ಫೋಲ್ಡರ್ ಇವೆ. ಒಂದು ಮೊದಲು ಫೇಲ್ ಆದ ಚೆಕ್‌ನದು. ಯಾವುದೋ ಎಕ್ಸ್‌ಟೆನ್ಶನ್ ಲೈಬ್ರರಿ ಇರಲಿಲ್ಲ, ಹಾಕಿದೆ. ಇನ್ನೊಂದು ನಿನ್ನೆಯದು. ಸುಮ್ನೆ ಅಳಿಸಲು ಮನಸ್ಸಿಲ್ಲ. ಎರಡನ್ನೂ ಹೊರಗೆ ಕಾಪಿ ಮಾಡಿಟ್ಟು ಹೊಸ ಡೇಟಾ ಫೋಲ್ಡರನ್ನು ಪೂರ್ತಿ ಖಾಲಿ ಮಾಡಿದರೆ ಸಾಕಾ? ಹೊಸ ಓಟ ಗೆದ್ದರೆ ಅದರ ಲಾಗ್ ತಾನೇ ಅಳಿಯುತ್ತದೆ, ಅದಕ್ಕೆ ಲಾಗ್ ಉಳಿಸುವ ರಿಟೇನ್ (--retain) ಆಪ್ಶನ್ ಹಾಕೋಣ ಅಂತಿದ್ದೇನೆ. ಸರಿನಾ?

ಇವತ್ತು ರಾತ್ರಿ ಒಂಬತ್ತಕ್ಕೆ ಮತ್ತೆ ಶುರು ಮಾಡಬೇಕು. ಮಾಡಿ ಗೊತ್ತಿರುವವರು ದಯವಿಟ್ಟು ಅಷ್ಟರೊಳಗೆ ತಿಳಿಸಿ.