ಮೂವರು ಸ್ಕೋರರ್ ಇದ್ದರೂ ಮೂರನೇ ಕ್ವಾರ್ಟರ್‌ನಿಂದ ಕುಸಿತ: 12 ಜನರ ಪಟ್ಟಿ ಸರಿ ಮಾಡುವುದು ಹೇಗೆ?

ಉಪ್ಪಳ_ಮ್ಯಾನೇಜರ್

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಕಡೆಯ ಒಂದು ಕ್ಲಬ್ಬಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಪಟ್ಟಿ ಮಾಡುವ ಜವಾಬ್ದಾರಿ ನನ್ನದು. ಮಳೆ ಬಿಟ್ಟ ಮೇಲೆ ಹೊನಲು ಬೆಳಕಿನ ಪಂದ್ಯಾಟಗಳು ಸುರುವಾಗ್ತವೆ, ಅದರ ಮೊದಲು ಇದನ್ನು ಸರಿ ಮಾಡಬೇಕು.

ನಮ್ಮಲ್ಲಿ ಚೆನ್ನಾಗಿ ಸ್ಕೋರ್ ಮಾಡುವ ಮೂವರು ಗಾರ್ಡ್ (ರಿಂಗ್‌ನಿಂದ ದೂರ ನಿಂತು ಚೆಂಡು ಆಡಿಸುವವರು) ಇದ್ದಾರೆ. ಎತ್ತರದವ ಒಬ್ಬನೇ, 6 ಅಡಿ 4 ಇಂಚು. ಉಳಿದವರೆಲ್ಲ 6 ಅಡಿಯ ಒಳಗೆ. ಮೊದಲಾರ್ಧ ಸಮಸಮ ಹೋಗ್ತದೆ, ಆಮೇಲೆ ಕೈತಪ್ಪುತ್ತದೆ. ಹಿಂದಿನ ಪಂದ್ಯದ ಕ್ವಾರ್ಟರ್‌ವಾರು ಸ್ಕೋರ್ ಹೀಗೆ: 18-16, 17-17, 12-20, 10-21. ಒಟ್ಟು 57-74. ಎತ್ತರದವನಿಗೆ ಮೂರನೇ ಕ್ವಾರ್ಟರ್‌ನಲ್ಲೇ 4 ಫೌಲ್ ಆಗಿತ್ತು, ನಾಲ್ಕನೆಯದರ ಸುರುವಿಗೇ ಐದನೆಯದೂ ಬಿತ್ತು, ಅಲ್ಲಿಗೆ ಅವ ಹೊರಗೆ.

ಪಂದ್ಯಾಟದ ನಿಯಮದಲ್ಲಿ ಒಬ್ಬ ಅತಿಥಿ ಆಟಗಾರನಿಗೆ ಅವಕಾಶ ಉಂಟು. ಮಂಗಳೂರಿನಿಂದ ಒಳ್ಳೆಯ ಶೂಟರ್ ಒಬ್ಬನನ್ನು ಕರೆಸುವ ಅಂತ ಕ್ಲಬ್ಬಿನವರು ಹೇಳ್ತಾರೆ. ಅದು ಸರಿಯಾದ ದಾರಿಯಾ? ಬಜೆಟ್‌ನ ದೊಡ್ಡ ಪಾಲು ಅವನ ಪ್ರಯಾಣ, ವಸತಿಗೇ ಹೋಗ್ತದೆ.

ಹೊಸೂರು_ಟೇಬಲ್

ಸರ್, ಇಷ್ಟರಲ್ಲಿ ಏನೂ ಹೇಳಕ್ಕಾಗಲ್ಲ. ಅಧಿಕೃತ ಸ್ಕೋರ್‌ಶೀಟಲ್ಲಿ ಬಿದ್ದ ಬ್ಯಾಸ್ಕೆಟ್, ಫೌಲ್, ಟೈಮ್‌ಔಟ್ ಇಷ್ಟೇ ಇರುತ್ತೆ. ತಪ್ಪಿದ ಶಾಟ್, ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯೋದು), ಟರ್ನೋವರ್ (ಶಾಟ್ ಹಾಕದೆಯೇ ಚೆಂಡು ಕಳೆದುಕೊಳ್ಳೋದು) ಅದರಲ್ಲಿ ಬರಲ್ಲ. ಪಟ್ಟಿ ಮಾಡೋರಿಗೆ ಬೇಕಾಗಿರೋದೇ ಅವು. ಬೆಂಚಲ್ಲಿ ಯಾರಾದರೂ ಬೇರೆಯಾಗಿ ಬರೆದುಕೊಂಡಿದ್ದರೆ ಹಾಕಿ. ವೀಡಿಯೋ ಇದ್ದರೆ ಅದನ್ನು ನೋಡಿ ಎಣಿಸಿ. ಎರಡೂ ತಂಡದ್ದು ಬೇಕು. ನಿಮ್ಮದು ಮಾತ್ರ ಕೊಟ್ಟರೆ ಅರ್ಧ ಲೆಕ್ಕ.

ಉಪ್ಪಳ_ಮ್ಯಾನೇಜರ್

ವೀಡಿಯೋ ಇತ್ತು, ಎಣಿಸಿದೆ.

ನಮ್ಮದು: ಎರಡು ಪಾಯಿಂಟಿನ ಶಾಟ್ 36ರಲ್ಲಿ 17, ಮೂರರದ್ದು 22ರಲ್ಲಿ 5, ಫ್ರೀ ಥ್ರೋ 14ರಲ್ಲಿ 8. ಆಫೆನ್ಸಿವ್ ರೀಬೌಂಡ್ (ನಮ್ಮದೇ ತಪ್ಪಿದ ಶಾಟ್‌ನದ್ದು) 8, ಡಿಫೆನ್ಸಿವ್ (ಅವರ ತಪ್ಪಿದ ಶಾಟ್‌ನದ್ದು) 28, ಟರ್ನೋವರ್ 20.

ಅವರದ್ದು: ಎರಡರದ್ದು 52ರಲ್ಲಿ 25, ಮೂರರದ್ದು 18ರಲ್ಲಿ 4, ಫ್ರೀ ಥ್ರೋ 20ರಲ್ಲಿ 12. ಆಫೆನ್ಸಿವ್ ರೀಬೌಂಡ್ 15, ಡಿಫೆನ್ಸಿವ್ 29, ಟರ್ನೋವರ್ 12.

ಹೊಸೂರು_ಟೇಬಲ್

ಥ್ಯಾಂಕ್ಸ್ ಸರ್. ಈಗ ಲೆಕ್ಕ ಹಾಕೋಣ.

ಮೊದಲು ಪೊಸೆಷನ್, ಅಂದರೆ ಚೆಂಡು ಎಷ್ಟು ಸಲ ತಂಡದ ಕೈಗೆ ಬಂತು ಅನ್ನೋದು. ಒಟ್ಟು ಶಾಟ್‌ಗೆ ಫ್ರೀ ಥ್ರೋ ಪ್ರಯತ್ನದ 0.44 ಪಾಲು ಕೂಡಿಸಿ, ಆಫೆನ್ಸಿವ್ ರೀಬೌಂಡ್ ಕಳೆದು, ಟರ್ನೋವರ್ ಕೂಡಿಸಬೇಕು. ನಿಮಗೂ ಅವರಿಗೂ ಸುಮಾರು 76 ಬರುತ್ತೆ. ಎರಡೂ ಹತ್ತಿರ ಹತ್ತಿರ ಬಂದಿದೆ ಅಂದರೆ ಎಣಿಕೆ ಸರಿ ಇದೆ. ನಾಲ್ಕೈದಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಮತ್ತೆ ಎಣಿಸಬೇಕು.

ಇನ್ನು ಶೂಟಿಂಗ್. ಮೂರು ಪಾಯಿಂಟಿನ ಪ್ರತಿ ಬ್ಯಾಸ್ಕೆಟ್‌ಗೆ ಅರ್ಧ ಜಾಸ್ತಿ ಸೇರಿಸಿ ಒಟ್ಟು ಶಾಟ್‌ನಿಂದ ಭಾಗಿಸಿದರೆ ನಿಮ್ಮದು ಶೇ 42.2, ಅವರದು ಶೇ 44.3. ಹೆಚ್ಚು ಅಂತರವೇ ಇಲ್ಲ. ಟರ್ನೋವರ್ ನೋಡಿ: ನೀವು ಪೊಸೆಷನ್‌ಗಳಲ್ಲಿ ಶೇ 26 ಕಳೆದುಕೊಂಡಿದ್ದೀರಿ, ಅವರು ಶೇ 16. ಅವರು ತಪ್ಪಿಸಿದ ಶಾಟ್‌ಗಳಲ್ಲಿ ಶೇ 35 ರೀಬೌಂಡ್ ವಾಪಸ್ ಅವರ ಕೈಗೇ ಹೋಗಿದೆ, ನಿಮಗೆ ಸಿಕ್ಕಿದ್ದು ಶೇ 22.

ಸೋತಿದ್ದು 17 ಪಾಯಿಂಟಿನಿಂದ. ಅದನ್ನು ಬಿಡಿಸಿ ನೋಡಿ. ಅವರು ನಿಮಗಿಂತ 12 ಶಾಟ್ ಜಾಸ್ತಿ ಹಾಕಿದ್ದಾರೆ. ಅವರ ಶೇಕಡಾವಾರಿನ ಪ್ರಕಾರ ಅದರ ಬೆಲೆ ಸುಮಾರು 10.6 ಪಾಯಿಂಟ್. ಫ್ರೀ ಥ್ರೋನಲ್ಲಿ 4. ಗುರಿ ಚೆನ್ನಾಗಿಲ್ಲದ್ದಕ್ಕೆ ಹೋಗಿದ್ದು ಬರೀ 2.4. ಅಂದರೆ ನಿಮ್ಮ ತಂಡಕ್ಕೆ ಶೂಟರ್ ಕೊರತೆ ಇಲ್ಲ, ಶಾಟ್ ಹಾಕೋ ಅವಕಾಶದ ಕೊರತೆ. ಮಂಗಳೂರಿಂದ ಎಷ್ಟು ಒಳ್ಳೆ ಶೂಟರ್ ಬಂದರೂ ಆ 2.4ರ ಜಾಗದಲ್ಲೇ ಕೆಲಸ ಮಾಡಬೇಕು. ಮೇಲಾಗಿ, ಈಗಿರೋ ಮೂವರ ಕೈಯಿಂದಲೇ ಚೆಂಡು ಕಿತ್ತು ಅವನಿಗೆ ಕೊಡಬೇಕಾಗುತ್ತೆ.

ನನ್ನ ಅಭಿಪ್ರಾಯ: ಚೆಂಡು ಕಳೆದುಕೊಳ್ಳದ ಪಾಯಿಂಟ್ ಗಾರ್ಡ್‌ನ (ಚೆಂಡು ಮುಂದೆ ತಂದು ಆಟ ಕಟ್ಟೋನು) ಕರೆಸಿ.

ಅಕ್ಕಲಕೋಟ_ಡಿಫೆನ್ಸ್

ಟೇಬಲ್ ಸರ್ ಲೆಕ್ಕ ಖರೇ ಅದ. ಆದ್ರ ಪಾಯಿಂಟ್ ಗಾರ್ಡ್ ಅನ್ನೂದನ್ನ ಈಗಲೇ ನಿರ್ಧಾರ ಮಾಡಬ್ಯಾಡ್ರಿ. ಆ 20 ಟರ್ನೋವರ್ ಎಲ್ಲೆಲ್ಲಿ ಆದವು ಅಂತ ವಿಂಗಡಣೆ ಮಾಡ್ರಿ ಮೊದಲ. ತಮ್ಮ ಅರ್ಧದಾಗ ಪ್ರೆಸ್ (ಎದುರಿನವರು ಅಲ್ಲೇ ಬಂದು ಮುತ್ತೋದು) ಬಿದ್ದಾಗ ಹೋದವೆಷ್ಟು, ಗುಂಪಿನಾಗ ಡ್ರಿಬಲ್ ಹೊಡದು ಹೋದವೆಷ್ಟು, ಒಳಗಿನ ಪಾಸ್ ಕೆಟ್ಟದ್ದೆಷ್ಟು. ಒಂದೊಂದಕ್ಕೂ ಮದ್ದು ಬ್ಯಾರೆ. ಅವರ 15 ಆಫೆನ್ಸಿವ್ ರೀಬೌಂಡ್‌ದಾಗ ದ್ವಿತೀಯಾರ್ಧದವು ಎಷ್ಟು ಅನ್ನೂದೂ ಬೇಕ್ರಿ. ಯಾರ್ಯಾರು ಎಷ್ಟು ನಿಮಿಷ ಆಡಿದ್ರು ಅದೂ ಹೇಳ್ರಿ.

ಉಪ್ಪಳ_ಮ್ಯಾನೇಜರ್

ಪ್ರೆಸ್‌ನಲ್ಲಿ 9, ಗುಂಪಿಗೆ ಡ್ರಿಬಲ್ ಮಾಡಿ ಹೋದದ್ದು 5, ಎತ್ತರದವನಿಗೆ ಕೊಟ್ಟ ಪಾಸ್ 4, ಟ್ರಾವೆಲಿಂಗ್ (ಚೆಂಡು ಹಿಡಿದು ಹೆಚ್ಚು ಹೆಜ್ಜೆ ಇಟ್ಟದ್ದು) 2. ಅವರ 15ರಲ್ಲಿ 10 ರೀಬೌಂಡ್ ದ್ವಿತೀಯಾರ್ಧದ್ದೇ. ಮೂವರು ಗಾರ್ಡ್‌ಗಳೂ ಒಬ್ಬೊಬ್ಬರು 36 ನಿಮಿಷದ ಮೇಲೆ ಆಡಿದ್ದಾರೆ. ಪ್ರೆಸ್ ಬಂದಾಗ ಮೂವರೂ ಚೆಂಡು ತೆಗೆದುಕೊಳ್ಳಲಿಕ್ಕೆ ಹಿಂದೆ ಬರ್ತಾರೆ, ಮುಂದೆ ಯಾರೂ ಇರುವುದಿಲ್ಲ.

ಅಕ್ಕಲಕೋಟ_ಡಿಫೆನ್ಸ್

ಹಂಗಂದ್ರ ಉತ್ತರ ನಿಮ್ಮ ಕೊನೀ ವಾಕ್ಯದಾಗೇ ಅದ.

ಮೂವರೂ ಹಿಂದ ಬಂದ್ರ ಪ್ರೆಸ್ ಮಾಡೋರಿಗೆ ಅನುಕೂಲ. ಒಬ್ಬ ಚೆಂಡು ಒಳಗ ತರಲಿ, ಇಬ್ಬರು ತಗೋಳಾಕ ಎರಡು ಬಾಜೂ ನಿಲ್ಲಲಿ, ಒಬ್ಬ ಅಂಗಳದ ನಟ್ಟನಡುವ, ಒಬ್ಬ ಅವರ ರಿಂಗ್ ಕಡೆ ಓಡಲಿ. ನಡುವ ನಿಲ್ಲಾಂವ ಎತ್ತರದವನೇ ಆಗಬೇಕು, ಇಲ್ಲಾಂದ್ರ ಕೈ ಗಟ್ಟಿ ಇರೋ ಫಾರ್ವರ್ಡ್ (ರಿಂಗ್ ಕಡೆ ಆಡೋ ಆಟಗಾರ). ಅವ ಎರಡೂ ಕೈಲೆ ಚೆಂಡು ಹಿಡದು, ಡ್ರಿಬಲ್ ಮಾಡಲಾರದ, ತಿರುಗಿ ಪಾಸ್ ಕೊಡಬೇಕು ಅಷ್ಟ. 8 ಸೆಕೆಂಡಿನಾಗ ಅರ್ಧ ಗೆರಿ ದಾಟಬೇಕಲ್ರಿ, ಡ್ರಿಬಲ್‌ಗಿಂತ ಪಾಸ್ ಲಗೂ ಹೋಗ್ತದ. ಇದು ತಾಲೀಮಿನಾಗ ಸರಿ ಆಗೋ ಕೆಲಸ. ಇದಕ್ಕ ಹೊರಗಿನಿಂದ ಮಂದಿ ತರೋ ಅಗತ್ಯ ಇಲ್ಲ.

ರೀಬೌಂಡ್ ಹಂಗಲ್ಲ. ನಿಮ್ಮ ಎತ್ತರದಾಂವ ಹೊರಗ ಹೋದ ಮ್ಯಾಲ ಅವನ ಜಾಗಾಕ್ಕ ಯಾರೂ ಇಲ್ಲ. ಬಾಕ್ಸ್ ಔಟ್ (ಬೆನ್ನು ಕೊಟ್ಟು ಎದುರಿನವನ್ನ ರಿಂಗ್‌ನಿಂದ ದೂರ ತಡೆಯೋದು) ಎಷ್ಟು ಕಲಿಸಿದ್ರೂ 5 ಅಡಿ 9 ಇಂಚಿನಾಂವ 6 ಅಡಿ 3ರವನ್ನ ಇಡೀ ಅರ್ಧ ತಡೀಲಾರ. ಅತಿಥಿ ಜಾಗ ಒಂದೇ ಇದ್ರ ಅದು ರೀಬೌಂಡ್ ಮಾಡೋ, ಸ್ಕ್ರೀನ್ ಹಾಕೋ (ತನ್ನವಗ ದಾರಿ ಆಗಾಕ ಎದುರಿನವಗ ಅಡ್ಡ ನಿಲ್ಲೋ) ದೊಡ್ಡ ಆಟಗಾರಗ ಹೋಗಬೇಕು. ಸ್ಕೋರ್ ಮಾಡದಿದ್ರೂ ನಡೀತದ.

ಹೊಸೂರು_ಟೇಬಲ್

ಒಪ್ಪಿದೆ ಸರ್. 20ರಲ್ಲಿ 9 ಪ್ರೆಸ್‌ನಲ್ಲೇ ಹೋಗಿರೋದು, ಅದೂ ನಿಲ್ಲೋ ಜಾಗ ತಪ್ಪಾಗಿ, ಅಂದಮೇಲೆ ಪಾಯಿಂಟ್ ಗಾರ್ಡ್ ಮಾತು ವಾಪಸ್ ತೊಗೋತೀನಿ. ದೊಡ್ಡ ಆಟಗಾರನೇ ಬೇಕು.

ಮಡಕಶಿರ_ಬೆಂಚ್

ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ಕೋಟಿಗಟ್ಟಲೆ ಡಾಲರ್ ಇರೋ ಜನರಲ್ ಮ್ಯಾನೇಜರ್‌ಗಳಿಗೂ ಇದೇ ಪ್ರಶ್ನೆ ಬರುತ್ತೆ. ಎರಡು ತಂಡ ಪಕ್ಕಪಕ್ಕ ಇಟ್ಟು ನೋಡಿ.

2023-24ರಲ್ಲಿ ಫೀನಿಕ್ಸ್ ಸನ್ಸ್ ಹತ್ತಿರ ಕೆವಿನ್ ಡ್ಯುರಾಂಟ್, ಡೆವಿನ್ ಬುಕರ್, ಬ್ರ್ಯಾಡ್ಲಿ ಬೀಲ್ ಮೂವರೂ ಇದ್ದರು. ಮೂವರಿಗೂ ಕೈಯಲ್ಲಿ ಚೆಂಡು ಬೇಕು. ಆಟ ಕಟ್ಟೋ ಪಾಯಿಂಟ್ ಗಾರ್ಡ್ ಇರಲಿಲ್ಲ. ಪ್ಲೇಆಫ್‌ನ, ಅಂದರೆ ಲೀಗ್ ನಂತರದ ನಾಕೌಟ್‌ನ, ಮೊದಲ ಸುತ್ತಿನಲ್ಲೇ ಮಿನೆಸೋಟ ಎದುರು 0-4 ಸೋಲು. ಮುಂದಿನ ವರ್ಷ 36-46, ಪ್ಲೇಆಫ್‌ಗೇ ಹೋಗಲಿಲ್ಲ. ರಿಪೇರಿ ಮಾಡೋಕೂ ದಾರಿ ಇರಲಿಲ್ಲ, ಯಾಕಂದರೆ ಸಂಬಳದ ಮೊತ್ತ ಸೆಕೆಂಡ್ ಏಪ್ರನ್ ಅನ್ನೋ ಗೆರೆ ದಾಟಿತ್ತು. ಆ ಗೆರೆ ದಾಟಿದ ತಂಡ ಇಬ್ಬರು ಆಟಗಾರರ ಸಂಬಳ ಒಟ್ಟುಗೂಡಿಸಿ ದೊಡ್ಡ ಸಂಬಳದ ಒಬ್ಬನನ್ನು ಟ್ರೇಡ್‌ನಲ್ಲಿ ತರೋ ಹಾಗಿಲ್ಲ. 2025-26ಕ್ಕೆ ಸ್ಯಾಲರಿ ಕ್ಯಾಪ್ (ತಂಡದ ಒಟ್ಟು ಸಂಬಳದ ಮೂಲ ಮಿತಿ) 15.46 ಕೋಟಿ ಡಾಲರ್, ಸೆಕೆಂಡ್ ಏಪ್ರನ್ 20.78 ಕೋಟಿ.

ಒಕ್ಲಹಾಮ ಸಿಟಿ ಥಂಡರ್ ಅದೇ 2023-24ರಲ್ಲಿ 57 ಪಂದ್ಯ ಗೆದ್ದೂ ಎರಡನೇ ಸುತ್ತಿನಲ್ಲಿ ಡಲ್ಲಾಸ್‌ಗೆ ಸೋತಿತು. ರೀಬೌಂಡ್ ದುರ್ಬಲ. ಜಾಶ್ ಗಿಡ್ಡಿ ದೂರದ ಶಾಟ್ ಹಾಕಲ್ಲ ಅಂತ ಎದುರಾಳಿ ಅವನನ್ನು ಬಿಟ್ಟು ಉಳಿದವರನ್ನು ಮುತ್ತಿಕೊಂಡರು. ಥಂಡರ್‌ನ ಜನರಲ್ ಮ್ಯಾನೇಜರ್ ಸ್ಯಾಮ್ ಪ್ರೆಸ್ಟಿ ಆ ಬೇಸಿಗೆಯಲ್ಲಿ ಇನ್ನೊಬ್ಬ ಸ್ಕೋರರ್ ತರಲಿಲ್ಲ. ಗಿಡ್ಡಿಯನ್ನು ಕೊಟ್ಟು ಡಿಫೆನ್ಸ್ ಆಡೋ ಅಲೆಕ್ಸ್ ಕರೂಸೊನ ತಂದರು, ರೀಬೌಂಡ್‌ಗೆ ಮತ್ತು ಸ್ಕ್ರೀನ್‌ಗೆ ಐಸೇಯಾ ಹಾರ್ಟೆನ್‌ಸ್ಟೈನ್‌ನ ಮೂರು ವರ್ಷಕ್ಕೆ 8.7 ಕೋಟಿ ಡಾಲರ್ ಕೊಟ್ಟು ತೊಗೊಂಡರು. ಮುಂದಿನ ಸೀಸನ್ 68-14, 2025ರ ಫೈನಲ್‌ನಲ್ಲಿ ಇಂಡಿಯಾನಾ ವಿರುದ್ಧ ಏಳು ಪಂದ್ಯದಲ್ಲಿ ಚಾಂಪಿಯನ್. ತಂಡದ ಮುಖ್ಯ ಸ್ಕೋರರ್ ಶೇ ಗಿಲ್ಜಸ್-ಅಲೆಗ್ಸಾಂಡರ್ ಕೈಗೆ ಚೆಂಡು ಕೊಟ್ಟು, ಚೆಂಡಿಲ್ಲದೆ ಕೆಲಸ ಮಾಡೋರನ್ನು ಸುತ್ತ ನಿಲ್ಲಿಸಿದರು. ಪಟ್ಟಿ ಕಟ್ಟೋರು ನೋಡಿ ಕಲಿಯೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಕಾಣಲ್ಲ.

ಉಪ್ಪಳ_ಮ್ಯಾನೇಜರ್

ಸರಿ, ಶೂಟರ್ ಬೇಡ ಅಂತ ಕ್ಲಬ್ಬಿನಲ್ಲಿ ಹೇಳ್ತೇನೆ, ಈ ಲೆಕ್ಕ ತೋರಿಸಿದರೆ ಒಪ್ಪಬಹುದು. ಆದರೆ ದೊಡ್ಡ ಆಟಗಾರ ಬಂದ ಮೇಲೆ ನಿಮಿಷ ಹಂಚುವುದು ಹೇಗೆ? ಮೂವರು ಗಾರ್ಡ್‌ಗಳಲ್ಲಿ ಒಬ್ಬನನ್ನು ಕೂರಿಸಿದರೆ ಬೇಜಾರು ಮಾಡ್ತಾರೆ. ಇನ್ನೊಂದು, ನಮ್ಮಲ್ಲಿ ವಾಲಿಬಾಲ್ ಆಡುವ ಎತ್ತರದ ಹುಡುಗರು ತುಂಬ ಉಂಟು, ಅವರಲ್ಲಿ ಒಬ್ಬನನ್ನು ತಯಾರು ಮಾಡಬಹುದಾ?

ಅಕ್ಕಲಕೋಟ_ಡಿಫೆನ್ಸ್

ಐದು ಜಾಗ, 40 ನಿಮಿಷ, ಒಟ್ಟು 200 ನಿಮಿಷ. ಕಾಗದದ ಮ್ಯಾಲ ಈ 200 ಹಂಚಿದ ಮ್ಯಾಲೇ ಪಟ್ಟಿಯಾಗ ಹೆಸರು ಬರೀರಿ.

ಮೂವರು ಸ್ಕೋರರ್‌ದಾಗ ಯಾವಾಗಲೂ ಇಬ್ಬರೇ ಅಂಗಳದಾಗ ಇರಬೇಕು. ಎರಡು ಜಾಗ ಅಂದ್ರ 80 ನಿಮಿಷ: 28, 27, 25. ಯಾರನ್ನೂ ಕೈ ಬಿಟ್ಟಂಗ ಆಗಂಗಿಲ್ಲ, ಸರದಿ ಪ್ರಕಾರ ಕೂಡ್ತಾರ. ಆಡೋ ಹೊತ್ತಿನಾಗ ಒಬ್ಬೊಬ್ಬರಿಗೂ ಈಗಿನಕಿಂತ ಹೆಚ್ಚು ಚೆಂಡು ಸಿಗ್ತದ, ಇದನ್ನ ಅವರಿಗೆ ಮೊದಲೇ ಹೇಳ್ರಿ. ನಾಲ್ಕನೇ ಕ್ವಾರ್ಟರ್‌ದಾಗ ಕಾಲು ಉಳೀತಾವ. ದೊಡ್ಡ ಆಟಗಾರನ ಜಾಗ 40 ನಿಮಿಷ: ಅತಿಥಿಗೆ 22, ನಿಮ್ಮವಗ 18. ಉಳಿದ ಎರಡು ಜಾಗದ 80 ನಿಮಿಷ ಡಿಫೆನ್ಸ್ ಆಡೋ ವಿಂಗ್ (ಬದಿಯಾಗ ಆಡೋರು), ಫಾರ್ವರ್ಡ್‌ಗಳಿಗೆ 24, 22, 18, 10, 6 ಹಿಂಗ. ಒಟ್ಟು ಹತ್ತು ಮಂದಿ ಆತು. ಹನ್ನೊಂದನೇ ಜಾಗ ಮೂರನೇ ದೊಡ್ಡ ಆಟಗಾರಗ, ಹನ್ನೆರಡನೇದು ಕಲಿಯೋ ಹುಡುಗಗ.

ಮೂರನೇ ದೊಡ್ಡಾಂವ ಯಾಕಂದ್ರ ಫೌಲ್ ಲೆಕ್ಕ. ಒಬ್ಬಗ 5 ಫೌಲ್, ಮೂವರಿದ್ರ 15. ಮೊದಲ ಕ್ವಾರ್ಟರ್‌ದಾಗ 2 ಆದ್ರ ಎರಡನೇದರ ಅರ್ಧದ ತನಕ ಕೂಡಸ್ರಿ. ವಿರಾಮದೊಳಗ 3 ಆದ್ರ ಮೂರನೇ ಕ್ವಾರ್ಟರ್ ತನಕ ಕೂಡಸ್ರಿ. ನಾಲ್ಕನೇದು ಬಿತ್ತಂದ್ರ ಕೊನೀ 5 ನಿಮಿಷಕ್ಕ ಉಳಿಸ್ರಿ. ತಂಡದ ಫೌಲ್ ಮ್ಯಾಲೂ ಕಣ್ಣಿರಲಿ: ಒಂದು ಕ್ವಾರ್ಟರ್‌ದಾಗ ನಾಲ್ಕು ಆದ ಮ್ಯಾಲ, ಐದನೇದರಿಂದ ಎದುರಿನವರಿಗೆ ಎರಡು ಫ್ರೀ ಥ್ರೋ.

ವಾಲಿಬಾಲ್ ಹುಡುಗ ಚಲೋ ವಿಚಾರ. ಜಿಗಿಯೋ ಸಮಯಜ್ಞಾನ ಅವಗ ಮೊದಲೇ ಇರ್ತದ. ಆದ್ರ ಬ್ಲಾಕ್ ಮಾಡಾಕ ಕೈ ಮುಂದ ಚಾಚೋ ರೂಢಿ ಇರ್ತದ, ಇಲ್ಲಿ ಅದು ಫೌಲ್. ಸಿಲಿಂಡರ್ ತತ್ವ ಕಲಿಸ್ರಿ: ನಿಂತ ಜಾಗದಿಂದ ನೇರ ಮ್ಯಾಲ ಜಿಗೀಬೇಕು, ಕೈ ನೆಟ್ಟಗ ಮ್ಯಾಲ. ಮೊದಲ ಬಾಕ್ಸ್ ಔಟ್, ಆಮ್ಯಾಲ ಸ್ಕ್ರೀನ್, ಆಮ್ಯಾಲ ರೀಬೌಂಡ್ ಹಿಡದು ಗಾರ್ಡ್‌ಗ ಪಾಸ್. ಡ್ರಿಬಲ್ ಈ ಸೀಸನ್‌ಗೆ ಬ್ಯಾಡ. ಮೂರನೇ ದೊಡ್ಡಾಂವ ಅಂತ ಅವನ್ನ ಹನ್ನೊಂದನೇ ಜಾಗಕ್ಕ ಬರ್ಕೊಳ್ರಿ, ಈ ಪಂದ್ಯಾಟಕ್ಕ ಅವನ ಮ್ಯಾಲೇ ಭಾರ ಹಾಕಬ್ಯಾಡ್ರಿ.

ಮಡಕಶಿರ_ಬೆಂಚ್

ಇದಕ್ಕೆ ಸೇರಿಸೋದು ಸ್ವಲ್ಪ ಇದೆ. ಯಾವ ಐವರು ಅಂಗಳದಲ್ಲಿದ್ದರೂ ಮೂರು ಪ್ರಶ್ನೆ ಹಾಕಿ: ಪ್ರೆಸ್ ಬಂದರೆ ಚೆಂಡು ತರೋನು ಯಾರು? 6.75 ಮೀಟರಿನ ಮೂರು ಪಾಯಿಂಟ್ ಗೆರೆಯಾಚೆಯಿಂದ ನಂಬಿಕೆಯಿಂದ ಹಾಕೋ ಇಬ್ಬರು ಯಾರು? ಎದುರಿನ ದೊಡ್ಡವನನ್ನು ಬಾಕ್ಸ್ ಔಟ್ ಮಾಡೋನು ಯಾರು? ಒಂದಕ್ಕೆ ಹೆಸರು ಬರದಿದ್ದರೂ ಆ ಐವರನ್ನು ಒಟ್ಟಿಗೆ ಇಳಿಸಬೇಡಿ. ದೂರದ ಶಾಟ್ ಬರದವರು ಇಬ್ಬರಾದರೆ ಇಬ್ಬರನ್ನೂ ಒಂದೇ ಬದಿಗೆ ನಿಲ್ಲಿಸಬೇಡಿ, ಡಿಫೆನ್ಸ್ ಆ ಬದಿ ಬಿಟ್ಟು ಒಳಗೆ ಬಂದು ಕೂತುಬಿಡುತ್ತೆ. ನಿಮ್ಮ 22 ತ್ರೀ ಪಾಯಿಂಟರ್‌ಗಳಲ್ಲಿ ಪಾಸ್ ಬಂದು ಹಾಕಿದ್ದೆಷ್ಟು, ಡ್ರಿಬಲ್ ಮಾಡಿ ಹಾಕಿದ್ದೆಷ್ಟು ಅಂತಲೂ ನೋಡಿ. ಎರಡನೆಯದೇ ಜಾಸ್ತಿ ಇದ್ದರೆ, ಇಬ್ಬರು ಸ್ಕೋರರ್ ಪದ್ಧತಿಯಲ್ಲಿ ಅದು ಕಮ್ಮಿಯಾಗುತ್ತೆ.

ಆಟಗಾರ ಬದಲಿಸೋದಕ್ಕೂ ಹೊತ್ತು ನೋಡಬೇಕು. ಬ್ಯಾಸ್ಕೆಟ್ ಬಿದ್ದ ತಕ್ಷಣ ಬದಲಿಸೋಕಾಗಲ್ಲ, ಗಡಿಯಾರ ನಿಂತಿರಲ್ಲ. ನಾಲ್ಕನೇ ಕ್ವಾರ್ಟರ್‌ನ ಕೊನೆಯ 2 ನಿಮಿಷದಲ್ಲಿ ಮಾತ್ರ ಗಡಿಯಾರ ನಿಲ್ಲುತ್ತೆ, ಆಗ ಬ್ಯಾಸ್ಕೆಟ್ ಬಿಟ್ಟುಕೊಟ್ಟ ತಂಡ ಬದಲಿಸಬಹುದು. ಅದಕ್ಕೇ 5 ನಿಮಿಷಕ್ಕೆ ಅಂತ ಬರೆದುಕೊಂಡಿದ್ದರೆ 6 ನಿಮಿಷ ಇರುವಾಗಲೇ ಆಟಗಾರನನ್ನು ಟೇಬಲ್ ಹತ್ತಿರದ ಕುರ್ಚಿಗೆ ಕಳಿಸಿ.

ಉಪ್ಪಳ_ಮ್ಯಾನೇಜರ್

ತುಂಬಾ ಉಪಕಾರ ಆಯ್ತು. ಅತಿಥಿ ಆಟಗಾರ ಪಂದ್ಯದ ದಿನವೇ ಗಡಿಯಾಚೆಯಿಂದ ಬರುವವ. ಹೆಸರು ಸೇರಿಸುವುದರಲ್ಲಿ ತೊಡಕು ಬರಬಹುದಾ?

ಹೊಸೂರು_ಟೇಬಲ್

ಬರಬಹುದು ಸರ್. ಎರಡು ವಿಷಯ. ಅತಿಥಿ ಬೇರೆ ರಾಜ್ಯದವನಾಗಿರಬಹುದಾ, ಗುರುತಿನ ಚೀಟಿ ಯಾವುದು ಬೇಕು ಅಂತ ಆಯೋಜಕರ ಹತ್ತಿರ ಈಗಲೇ ಬರವಣಿಗೆಯಲ್ಲಿ ತೊಗೊಳ್ಳಿ. ಇನ್ನು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಫೀಬಾದ ನಿಯಮದ ಪ್ರಕಾರ ಹೆಸರು, ಜೆರ್ಸಿ ನಂಬರ್ ಇರೋ ಪಟ್ಟಿ ಪಂದ್ಯಕ್ಕೆ 40 ನಿಮಿಷ ಮುಂಚೆ ಟೇಬಲ್‌ಗೆ ಬರಬೇಕು, 10 ನಿಮಿಷ ಮುಂಚೆ ಕೋಚ್ ಅದನ್ನು ಖಚಿತಪಡಿಸಿ ಮೊದಲ ಐವರನ್ನು ಗುರುತು ಮಾಡಿ ಸಹಿ ಹಾಕಬೇಕು. ಪಟ್ಟಿಯಲ್ಲಿ ಹೆಸರಿದ್ದರೆ ಅವನು ತಡವಾಗಿ ಬಂದರೂ ಆಡಬಹುದು. ಹಾಗಾಗಿ ಬಸ್ ಎಲ್ಲಿದೆ ಅಂತ ಕಾಯದೆ ಹೆಸರು ಬರೆದುಬಿಡಿ, ಮೊದಲ ಐವರಲ್ಲಿ ಮಾತ್ರ ಅವನನ್ನು ಹಾಕಬೇಡಿ. ಪಟ್ಟಿಯಲ್ಲಿ ಬರೆದ ನಂಬರ್‌ನ ಜೆರ್ಸಿಯನ್ನೇ ಅವನಿಗೆ ತೆಗೆದಿಡಿ.