ಹೆಗಲ ಹಲಗೆಯ ‘ನಾಚ್’: ಕಚ್ಚೋ, ಗಂಡಿಯೋ?

ಬಳಗದವರಿಗೆ ನಮಸ್ಕಾರ.

ಹೆಗಲು ನೋವಿನ ಬಗ್ಗೆ ರೋಗಿಗಳಿಗಾಗಿ ಒಂದು ಮಾಹಿತಿ ಹಾಳೆ ಬರೆಯುತ್ತಿದ್ದೇನೆ. ಇಂಗ್ಲಿಷಿನ ‘ನಾಚ್’ ಎಂಬುದಕ್ಕೆ ಕನ್ನಡದ ಪದ ಆರಿಸಲು ನಿಮ್ಮ ನೆರವು ಬೇಕು.

ಹೆಗಲ ಹಲಗೆಯ ಮೇಲಂಚಿನಲ್ಲಿ ಒಂದು ಚಿಕ್ಕ ತಗ್ಗಿದೆ. ವೈದ್ಯರು ಸುಪ್ರಾಸ್ಕ್ಯಾಪುಲರ್ ನಾಚ್ ಎನ್ನುವುದು ಇದನ್ನೇ. ಅದರ ಬಾಯಿಗೆ ಅಡ್ಡಲಾಗಿ ಅಸ್ಥಿರಜ್ಜು, ಅಂದರೆ ಗಟ್ಟಿ ನಾರಿನ ಪಟ್ಟಿ (ಲಿಗಮೆಂಟ್), ಬಿಗಿದಿರುತ್ತದೆ. ಕತ್ತಿನ ಕಡೆಯಿಂದ ಬರುವ ನರ ಆ ರಜ್ಜುವಿನ ಅಡಿಯಲ್ಲಿ ನುಸುಳಿ ಹಲಗೆಯ ಹಿಂಬದಿಗೆ ಹೋಗುತ್ತದೆ. ಜೊತೆಗಿರುವ ಅಪಧಮನಿ ಸಾಮಾನ್ಯವಾಗಿ ರಜ್ಜುವಿನ ಮೇಲೆ ದಾಟುತ್ತದೆ. ಜಾಗ ಇಕ್ಕಟ್ಟಾಗಿ ನರ ಅದುಮಿಕೊಂಡರೆ ಹೆಗಲ ಹಿಂದೆ ಆಳದ ನೋವು ಶುರುವಾಗುತ್ತದೆ. ತೋಳನ್ನು ಪಕ್ಕಕ್ಕೆ ಎತ್ತಲು, ಹೊರಕ್ಕೆ ತಿರುಗಿಸಲು ಬಲ ಸಾಲುವುದಿಲ್ಲ. ಬರಬರುತ್ತಾ ಹಲಗೆಯ ಮೇಲಿನ ಸ್ನಾಯುಗಳು ಸೊರಗುತ್ತವೆ.

ತೊಡಕಿರುವುದು ಈ ತಗ್ಗಿನ ಆಕಾರದಲ್ಲಿ. 1979ರಲ್ಲಿ ನರಶಸ್ತ್ರವೈದ್ಯ ರೆಂಗಾಚಾರಿ ಮತ್ತು ಸಂಗಡಿಗರು ಇದನ್ನು ಆರು ಬಗೆಯಾಗಿ ವಿಂಗಡಿಸಿದರು. ಮೊದಲನೆಯದರಲ್ಲಿ ತಗ್ಗು ಇದೆ ಎನ್ನುವಷ್ಟೂ ಇರುವುದಿಲ್ಲ. ನಡುವಿನವು ಇಂಗ್ಲಿಷಿನ ವಿ, ಯು ಅಕ್ಷರಗಳ ಹಾಗೆ. ಐದನೆಯದರಲ್ಲಿ ರಜ್ಜು ಅರೆಬರೆ ಮೂಳೆಯಾಗಿರುತ್ತದೆ, ಆರನೆಯದರಲ್ಲಿ ಪೂರ್ತಿ. ಆಗ ಅದು ಸುತ್ತಲೂ ಮೂಳೆಯೇ ಇರುವ ತೂತು.

‘ತಗ್ಗು’ ಎಂದರೆ ಕಿರಿದಾದ ವಿ ಆಕಾರ ಕಣ್ಣಿಗೆ ಬರುವುದಿಲ್ಲ. ‘ಭಂಗ’ ಬೇಡವೇ ಬೇಡ, ಓದಿದವರು ಮೂಳೆ ಮುರಿದಿದೆ ಅಂದುಕೊಳ್ಳುತ್ತಾರೆ. ನನ್ನ ಒಲವು ‘ಕಚ್ಚು’ ಕಡೆಗೆ. ಮೇಲೆ ತೆರೆದಿದ್ದರೆ ಕಚ್ಚು, ಮುಚ್ಚಿಕೊಂಡರೆ ಕಿಂಡಿ. ‘ಕಚ್ಚು ಮುಚ್ಚಿ ಕಿಂಡಿಯಾಗಿದೆ’ ಎಂದರೆ ಯಾರಿಗಾದರೂ ತಿಳಿಯುತ್ತದೆ. ಆದರೆ ಕಚ್ಚು ಎಂದಾಗ ಯಾರೋ ಕಡಿದು ಮಾಡಿದ್ದು ಎಂಬ ಭಾವ ಬರುತ್ತದೆಯೇ? ಬೇಲಿಯ ಸಂದಿಗೂ ಗೋಡೆಯ ತೂತಿಗೂ ಸಲ್ಲುವ ‘ಗಂಡಿ’ ಎರಡೂ ಸ್ಥಿತಿಗೆ ಒದಗೀತು. ಹಾಗೆ ಒಂದೇ ಪದ ಸಾಕೋ, ಎರಡು ಬೇಕೋ?

ಈ ಆಕಾರಭೇದವನ್ನು ‘ವಿಕೃತಿ’ ಎಂದು ಕರೆಯುವುದಕ್ಕೆ ನನ್ನ ಸ್ಪಷ್ಟ ವಿರೋಧವಿದೆ. ಕಿರಿದಾದ ಕಚ್ಚಿದ್ದೂ ಯಾವ ತೊಂದರೆಯಿಲ್ಲದೆ ಬಾಳುವವರಿದ್ದಾರೆ. ಅವರಿಗೆ ರೋಗದ ಹಣೆಪಟ್ಟಿ ಕಟ್ಟಬಾರದು. ‘ಭಿನ್ನರೂಪ’ ಎಂದು ಬರೆದುಕೊಂಡಿದ್ದೇನೆ.

ಇನ್ನೊಂದು. ‘ಅಸ್ಥಿರಜ್ಜು ಅಸ್ಥಿಯಾಗಿದೆ’ ಎನ್ನುವುದು ನಾಲಿಗೆಗೂ ತೊಡರು, ಅರ್ಥಕ್ಕೂ ತೊಡರು. ಹರಳುಗಟ್ಟು, ಹೆಪ್ಪುಗಟ್ಟು ಇದ್ದಂತೆ ‘ಕಟ್ಟುನಾರು ಮೂಳೆಗಟ್ಟಿದೆ’ ಎಂದರೆ ಸರಿಹೋಗುತ್ತದೆಯೇ? ವೈದ್ಯಕೀಯ ಬರಹದಲ್ಲಿ ಈ ರೂಪ ಬಳಸಿದವರಿದ್ದರೆ ದಯವಿಟ್ಟು ತಿಳಿಸಿ.