ಪದಚರ್ಚೆ: ‘ಸೆಕೆಂಡ್ ಡಿಕಾಕ್ಷನ್’, ‘ಕೂಳೆ’ – ನಿಮ್ಮ ಕಡೆ ಈ ಅರ್ಥದಲ್ಲಿ ಬಳಕೆ ಇದೆಯೇ?

ಎಲ್ಲರಿಗೂ ನಮಸ್ಕಾರ.

ಒಂದು ಮಾತು ಕಿವಿಗೆ ಬಿದ್ದು ಹದಿನೈದು ದಿನವಾಯಿತು, ಇನ್ನೂ ತಲೆಯಿಂದ ಇಳಿದಿಲ್ಲ. ಬಲ್ಲವರನ್ನು ಕೇಳಿಯೇ ಬಿಡೋಣ ಅಂತ ಬರೆಯುತ್ತಿದ್ದೇನೆ.

ಅಕ್ಕನ ಮಗ ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ರಜೆಗೆ ಚಿಕ್ಕಮಗಳೂರಿಗೆ, ನಮ್ಮ ಮನೆಗೆ ಬಂದವನು ಲ್ಯಾಪ್‌ಟಾಪಿಗೆ ಒಂದು ಗೇಮ್ ಇಳಿಸಿಕೊಂಡ. ವರ್ಷಗಟ್ಟಲೆಯಿಂದ ಒಂದರ ಹಿಂದೊಂದು ಬರುತ್ತಲೇ ಇರುವ ಶೂಟಿಂಗ್ ಗೇಮ್ ಸರಣಿಯ ಹೊಸ ಭಾಗ. ಹೆಸರು ಇಲ್ಲಿ ಬೇಡ. (ಇಂಥ ಗೇಮಿಗೆ ಕನ್ನಡದಲ್ಲಿ ಏನನ್ನಬೇಕು ಅನ್ನುವುದೇ ಒಂದು ತಾಪತ್ರಯ. ‘ಗುಂಡಿನ ಆಟ’ ಅಂದರೆ ನಮ್ಮಲ್ಲಿ ಬಾಟಲಿ ನೆನಪಾಗುತ್ತದೆ. ಹುಡುಗ ರೂಮಿನಲ್ಲಿ ಗುಂಡಿನ ಆಟ ಆಡ್ತಿದಾನೆ ಅಂದಿದ್ದಕ್ಕೆ ನಮ್ಮಮ್ಮ ಎದ್ದೇ ಹೋಗಿ ಬಾಗಿಲು ತಟ್ಟಿದರು. ಮಲೆನಾಡಿನಲ್ಲಿ ಬಂದೂಕಿಗೆ ಕೋವಿ ಅನ್ನುವ ಪದ ಇನ್ನೂ ಜೀವಂತ ಇದೆ, ಚುನಾವಣೆ ಬಂತೆಂದರೆ ತೋಟದವರೆಲ್ಲ ಕೋವಿ ಹೊತ್ತು ಠಾಣೆಗೆ ಹೋಗಿ ಒಪ್ಪಿಸಿ ಬರುತ್ತಾರೆ. ಹಾಗಾಗಿ ನಾನು ‘ಕೋವಿ ಆಟ’ ಅಂತಲೇ ಬರೆಯುತ್ತೇನೆ.)

ಎರಡು ರಾತ್ರಿ ಡೌನ್‌ಲೋಡ್ ಆಯಿತು. ನಡುವೆ ಮೂರು ಸಲ ಕರೆಂಟ್ ಹೋಯಿತು. ಮೂರನೇ ದಿನ ಮಧ್ಯಾಹ್ನ ಊಟಕ್ಕೆ ಬಂದವನ ಮುಖ ನೋಡಿ ಕೇಳಿದೆ, “ಹೆಂಗಿದ್ಯೋ ಗೇಮು?”

“ಸೆಕೆಂಡ್ ಡಿಕಾಕ್ಷನ್ ಮಾವ.”

ಅಷ್ಟೇ ಅಂದ, ಸಾರು ಕಲಸಿಕೊಂಡ. ತಮಾಷೆ ಏನೆಂದರೆ ಅವನು ಕಾಫಿಯನ್ನೇ ಕುಡಿಯುವುದಿಲ್ಲ. ಹಾಸ್ಟೆಲಿನಲ್ಲಿ ಫಿಲ್ಟರ್ ಕಂಡವರೂ ಇರಲಾರರು. ಮತ್ತೆ ಈ ಮಾತು ಎಲ್ಲಿಂದ ಬಂತೋ ಅಂದರೆ, “ಎಲ್ರೂ ಹಂಗೇ ಅಂತಾರೆ ಮಾವ” ಅಂದ. ಯಾರು ಆ ಎಲ್ಲರು ಅನ್ನುವುದೇ ನನ್ನ ಮೊದಲ ಪ್ರಶ್ನೆ.

ಊಟ ಆದಮೇಲೆ ಕೂರಿಸಿಕೊಂಡು ತೋರಿಸಿದ. ಒಂದು ಬಂದರು, ಸಾಲಾಗಿ ಕಂಟೇನರು, ಮೂಲೆಯಲ್ಲಿ ಒಂದು ಎಣ್ಣೆ ಡ್ರಮ್ಮು. ಡ್ರಮ್ಮಿನ ಮೇಲೆ ತುಕ್ಕಿನ ಕಲೆ, ಹೆಚ್ಚುಕಮ್ಮಿ ಆನೆಯ ಕಿವಿಯ ಆಕಾರ. ಆಟ ನಿಲ್ಲಿಸಿ, ಫೋನಿನಲ್ಲಿ ಹಿಂದಿನ ಭಾಗದ ವಿಡಿಯೊ ಹಾಕಿ ಪಕ್ಕಕ್ಕೆ ಹಿಡಿದ. ಅದೇ ಡ್ರಮ್ಮು, ಅದೇ ಮೂಲೆ, ಅದೇ ಆನೆ ಕಿವಿ. ಅಲ್ಲಿ ಹಗಲಿತ್ತು, ಇಲ್ಲಿ ರಾತ್ರಿ ಮಾಡಿ ಮಳೆ ಸುರಿಸಿದ್ದರು. “ದುಡ್ಡು ಕೊಟ್ಟೋರಿಗೆ ಸೆಕೆಂಡ್ ಡಿಕಾಕ್ಷನ್ ಕೊಡ್ತಾರೆ ನೋಡು” ಅಂದ.

ಆ ‘ಕೊಡ್ತಾರೆ’ ಅನ್ನುವ ಕ್ರಿಯಾಪದ ನನ್ನನ್ನು ಹಿಡಿದು ನಿಲ್ಲಿಸಿತು. ನಮ್ಮ ಮನೆಯಲ್ಲಿ ಈ ಮಾತಿನ ಜೊತೆ ಯಾವಾಗಲೂ ಬರುತ್ತಿದ್ದದ್ದು ಅದೇ ಕ್ರಿಯಾಪದ.

ಫಿಲ್ಟರಿಗೆ ಪುಡಿ ಹಾಕಿ ಕುದಿನೀರು ಹುಯ್ದರೆ ಮೊದಲು ಇಳಿಯುವುದು ಕಡುಗಪ್ಪು, ಮಂದ. ಅದು ಅಪ್ಪನಿಗೆ, ಮನೆಗೆ ಬಂದವರಿಗೆ. ಆಮೇಲೆ ಅದೇ ಪುಡಿಗೆ ಇನ್ನೊಂದು ಲೋಟ ನೀರು ಹುಯ್ಯುತ್ತಿದ್ದರು. ಇಳಿದದ್ದು ಬೆಲ್ಲದ ನೀರಿನ ಬಣ್ಣ, ಹಾಲು ಬೆರೆಸಿದರೆ ಬೂದಿ ಬಣ್ಣ. ಅದು ಅಮ್ಮನಿಗೆ, ಪಾತ್ರೆ ತೊಳೆಯಲು ಬರುತ್ತಿದ್ದ ಹೆಂಗಸಿಗೆ, ಹಿತ್ತಲ ಬಾಗಿಲಿಗೆ ಬಂದು ನಿಂತ ತೋಟದ ಆಳುಗಳಿಗೆ. ಒಂದು ಸಲ ತೋಟದ ಮೇಸ್ತ್ರಿಗೂ ಅದೇ ಹೋಯಿತು. ಆತ ಏನೂ ಅನ್ನಲಿಲ್ಲ. ಒಂದು ಗುಟುಕು ಕುಡಿದು, ಲೋಟವನ್ನು ಜಗಲಿ ಅಂಚಿನ ಮೇಲೆ ಹಾಗೇ ಇಟ್ಟು, ಲೆಕ್ಕದ ಪುಸ್ತಕ ಕಂಕುಳಿಗೆ ಸಿಕ್ಕಿಸಿಕೊಂಡು ಹೋದ. ಅಮ್ಮ ಆ ತುಂಬಿದ ಲೋಟವನ್ನು ಬಹಳ ಹೊತ್ತು ನೋಡುತ್ತಾ ನಿಂತದ್ದು ನೆನಪಿದೆ. ಮಾರನೆಯ ದಿನದಿಂದ ಮೇಸ್ತ್ರಿಗೆ ಮೊದಲನೆಯದೇ.

ಅಂದರೆ ಈ ಮಾತಿನಲ್ಲಿ ರುಚಿಯ ದೂರಿಗಿಂತ ಹೆಚ್ಚಿಗೆ ಸ್ಥಾನದ ದೂರಿದೆ. ನನ್ನನ್ನು ಯಾವ ಸಾಲಿನಲ್ಲಿ ಕೂರಿಸಿದಿರಿ ಅನ್ನುವ ದೂರು. ‘ಸಪ್ಪೆ’ಗೆ ಈ ಅರ್ಥ ಇಲ್ಲ. ಸಪ್ಪೆ ಅಂದರೆ ಉಪ್ಪು ಮರೆತದ್ದು. ಮರೆತವರ ಮೇಲೆ ಕೋಪ ಬರಬಹುದು, ಅವಮಾನ ಆಗುವುದಿಲ್ಲ. ಎಲೆ ತುದಿಯಲ್ಲಿ ಉಪ್ಪು ಇದ್ದೇ ಇರುತ್ತದೆ, ಬೆರೆಸಿಕೊಂಡರೆ ಆಯಿತು. 2021ರಲ್ಲಿ ಬಂದ ಬ್ಯಾಟಲ್‌ಫೀಲ್ಡ್ 2042 ಅನ್ನುವ ಕೋವಿ ಆಟ ನನ್ನ ಪ್ರಕಾರ ಸಪ್ಪೆ ಅನ್ನುವ ಪದಕ್ಕೆ ಸರಿಯಾದ ಉದಾಹರಣೆ. ಒಬ್ಬನೇ ಕೂತು ಆಡುವ ಕಥಾಭಾಗ ಇಲ್ಲ. ಹಿಂದೆ 64 ಜನ ಆಡುತ್ತಿದ್ದಲ್ಲಿ ಪಿಸಿಯಲ್ಲಿ 128 ಜನರನ್ನು ಬಿಟ್ಟರು, ಅಷ್ಟು ಜನಕ್ಕೆ ಮೈದಾನ ಎಷ್ಟು ಹಿಗ್ಗಿತೆಂದರೆ ವೈರಿ ಸಿಗುವ ಹೊತ್ತಿಗೆ ಓಡಿ ಓಡಿ ಸುಸ್ತು. ಸರಣಿ ಆಡುತ್ತಾ ಬಂದವರಿಗೆ ರೂಢಿಯಾಗಿದ್ದ ಅಂಕಪಟ್ಟಿಯೂ (ಸ್ಕೋರ್‌ಬೋರ್ಡ್) ಬಿಡುಗಡೆಯ ಹೊತ್ತಿಗೆ ಇರಲಿಲ್ಲ. ಆಮೇಲೆ ಒಂದೊಂದಾಗಿ ಸೇರಿಸಿದರು: ಅಂಕಪಟ್ಟಿ ಬಂತು, ಸೈನಿಕರ ಹಳೇ ನಾಲ್ಕು ವರ್ಗಗಳೂ 2023ರಲ್ಲಿ ವಾಪಸು ಬಂದವು. ಎಲೆ ಮೇಲೆ ಉಪ್ಪು ಬಡಿಸಿದ ಹಾಗೆ. ಸಪ್ಪೆಗೆ ಮದ್ದಿದೆ. ಎರಡನೇ ಡಿಕಾಕ್ಷನ್ನಿಗೆ ಇಲ್ಲ, ಮೂರನೇ ಸಲ ನೀರು ಹುಯ್ದರೆ ಇನ್ನೂ ಕೆಡುತ್ತದೆ.

‘ಠುಸ್’ ಅನ್ನುವುದು ಮತ್ತೂ ಬೇರೆ, ಪಟಾಕಿಯ ಪದ. ಡ್ಯೂಕ್ ನ್ಯೂಕೆಮ್ ಫಾರೆವರ್ ಅಂತ ಒಂದು ಕೋವಿ ಆಟ 1997ರಲ್ಲಿ ಘೋಷಣೆಯಾಗಿ ಕೈಗೆ ಸಿಕ್ಕಿದ್ದು 2011ರಲ್ಲಿ. 14 ವರ್ಷ ಬತ್ತಿ ಸುರುಸುರು ಅಂತ ಉರಿದು ಕೊನೆಗೆ ಠುಸ್.

ನನ್ನ ಸೋದರಳಿಯನ ಅರ್ಥಕ್ಕೆ ಅಕ್ಷರಶಃ ಹೊಂದುವುದೆಂದರೆ ಕಾಲ್ ಆಫ್ ಡ್ಯೂಟಿ ಅನ್ನುವ ಕೋವಿ ಆಟದ ಸರಣಿಯಲ್ಲಿ ಬಂದ 2023ರ ಮಾಡರ್ನ್ ವಾರ್‌ಫೇರ್ 3. ಬಿಡುಗಡೆಯ ದಿನ ಅದರಲ್ಲಿದ್ದ ಮುಖ್ಯ ಮಲ್ಟಿಪ್ಲೇಯರ್ ಮ್ಯಾಪುಗಳು, ಅಂದರೆ ಹಲವರು ಸೇರಿ ಕಾದಾಡುವ ಮೈದಾನಗಳು, 16. ಹದಿನಾರಕ್ಕೆ ಹದಿನಾರೂ 2009ರ ಮಾಡರ್ನ್ ವಾರ್‌ಫೇರ್ 2ರವು, ಹೊಸದಾಗಿ ಬಣ್ಣ ಬಳಿದು ತಂದವು. ಆ ಹಳೇ ಮ್ಯಾಪುಗಳನ್ನು ಮೆಚ್ಚುವವರು ಬೇಕಾದಷ್ಟಿದ್ದಾರೆ, ಅದೂ ನಿಜ. ಪುಡಿ ಒಳ್ಳೆಯದಿದ್ದರೆ ಎರಡನೆಯದಕ್ಕೂ ಒಂದಿಷ್ಟು ವಾಸನೆ ಉಳಿದಿರುತ್ತದೆ.

ಹಾಗಂತ ಹಳೇ ಪುಡಿ ಬಳಸಿದ್ದೆಲ್ಲ ಸೆಕೆಂಡ್ ಡಿಕಾಕ್ಷನ್ ಅನ್ನಲು ಬರುತ್ತದೆಯೇ? ಇಲ್ಲಿ ನನಗೆ ಅನುಮಾನ ಶುರುವಾಯಿತು. 1993ರ ಡೂಮ್ ಆದಮೇಲೆ 1994ರಲ್ಲಿ ಡೂಮ್ 2 ಬಂತು. ಅದೇ ಎಂಜಿನ್ (ಆಟವನ್ನು ನಡೆಸುವ ಮೂಲ ಸಾಫ್ಟ್‌ವೇರ್), ಅದೇ ಆಯುಧಗಳು. ಹೊಸ ಆಯುಧ ಅಂತ ಸೇರಿದ್ದು ಒಂದೇ ಒಂದು, ನಮ್ಮ ತೋಟದ ಭಾಷೆಯಲ್ಲಿ ಹೇಳುವುದಾದರೆ ಜೋಡಿ ನಳಿಗೆ ಕೋವಿ. ಜೊತೆಗೆ ಹೊಸ ರಾಕ್ಷಸರು, ಹೊಸ ಮಟ್ಟಗಳು. ಅದನ್ನು ಯಾರೂ ಸೆಕೆಂಡ್ ಡಿಕಾಕ್ಷನ್ ಅನ್ನಲಾರರು, ಆ ಜೋಡಿ ನಳಿಗೆಯನ್ನು ಇವತ್ತಿಗೂ ನೆನೆಯುವವರಿದ್ದಾರೆ. ನಾನೇ ಹಾಸನದಲ್ಲಿ ಓದುವಾಗ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಸೈಬರ್ ಕೆಫೆಯಲ್ಲಿ ಐಜಿಐ ಅನ್ನುವ ಕೋವಿ ಆಟ ಆಡಿದವನು. 2000ದಲ್ಲಿ ಬಂದ ಮೊದಲನೆಯದರಲ್ಲಿ ಮಿಷನ್ ನಡುವೆ ಸೇವ್ ಮಾಡಲು ಬರುತ್ತಿರಲಿಲ್ಲ. ಕೊನೇ ಗೇಟಿನ ಹತ್ತಿರ ಸತ್ತರೆ ಮೊದಲಿಂದ ಆಡಬೇಕು, ಕೆಫೆಯವನಿಗೆ ಇನ್ನೊಂದು ಇಪ್ಪತ್ತು. 2003ರ ಎರಡನೆಯದರಲ್ಲಿ ಲೆಕ್ಕ ಇಟ್ಟು ಒಂದಿಷ್ಟು ಸೇವ್ ಕೊಟ್ಟರು. ಅಷ್ಟಕ್ಕೇ ನಮಗೆ ಹೋದ ಜೀವ ಬಂದಿತ್ತು.

ಹಾಗಾದರೆ ಒಳ್ಳೆಯದಿರಲಿ ಕೆಟ್ಟದ್ದಿರಲಿ, ‘ಸೀಕ್ವೆಲ್’ ಅನ್ನುವ ವಸ್ತುವಿಗೇ ನಮ್ಮ ಪದ ಯಾವುದು? ಪತ್ರಿಕೆಗಳಲ್ಲಿ ‘ಮುಂದುವರಿದ ಭಾಗ’ ಅಂತ ಓದುತ್ತೇವೆ. ಕಥೆ ಮುಂದುವರಿದರೆ ಅದು ಸರಿ. ಕೋವಿ ಆಟಗಳಲ್ಲಿ ಕಥೆ ಮುಂದುವರಿಯಲೇಬೇಕು ಅಂತೇನಿಲ್ಲ. ಅದೇ ಬ್ಯಾಟಲ್‌ಫೀಲ್ಡ್ ಸರಣಿ 2002ರಲ್ಲಿ ಎರಡನೇ ಮಹಾಯುದ್ಧದಿಂದ ಶುರುವಾಗಿ ವಿಯೆಟ್ನಾಂಗೆ ಹೋಯಿತು, 2006ರಲ್ಲಿ ಇಸವಿ 2142ಕ್ಕೆ ಹಾರಿತು, 2016ರಲ್ಲಿ ಮೊದಲನೇ ಮಹಾಯುದ್ಧಕ್ಕೆ ಹಿಂದಿರುಗಿತು. ಆ 2016ರದ್ದಕ್ಕೆ ಬ್ಯಾಟಲ್‌ಫೀಲ್ಡ್ 1 ಅಂತ ಹೆಸರು! ಇದರಲ್ಲಿ ‘ಮುಂದು’ ಯಾವುದು, ‘ವರಿದದ್ದು’ ಯಾವುದು? ‘ಉತ್ತರಭಾಗ’ ಅನ್ನಬಹುದು, ಹಳೆಯ ಕಾವ್ಯದ ಗಾಂಭೀರ್ಯ ಬರುತ್ತದೆ, ಆದರೆ ಹಾಸ್ಟೆಲ್ ಹುಡುಗರ ಬಾಯಿಗೆ ಹತ್ತುವುದಿಲ್ಲ.

ಇದಕ್ಕೆ ಉತ್ತರ ಸಿಕ್ಕಿದ್ದು ಬಾವನಿಂದ. ಮಗನನ್ನು ಕರೆದುಕೊಂಡು ಹೋಗಲು ಬಂದಿದ್ದರು. ಅವರದು ಚನ್ನರಾಯಪಟ್ಟಣದ ಕಡೆ ಬೇಸಾಯ, ಕಬ್ಬು ಇದೆ. ಜಗಲಿಯಲ್ಲಿ ಕೂತು ನಮ್ಮಿಬ್ಬರ ವಾದ ಕೇಳುತ್ತಿದ್ದವರು, “ಅದು ಕೂಳೆ ಕಣ್ರೀ” ಅಂದರು.

ಕಬ್ಬಿನವರಿಗೆ ಗೊತ್ತಿರುವ ಪದ, ಉಳಿದವರಿಗೆ ಹೇಳುತ್ತೇನೆ. ಹೊಸದಾಗಿ ಬಿತ್ತನೆ ಕಬ್ಬು ನೆಟ್ಟು ಬೆಳೆದದ್ದು ತನಿ ಬೆಳೆ. ಅದನ್ನು ಕಡಿದ ಮೇಲೆ ಬುಡ ಕೀಳದೆ ಬಿಟ್ಟು, ನೆಲಮಟ್ಟಕ್ಕೆ ಸವರಿ, ಗೊಬ್ಬರ ನೀರು ಕೊಟ್ಟರೆ ಅದೇ ಬುಡದಿಂದ ಮತ್ತೆ ಚಿಗುರು ಏಳುತ್ತದೆ. ಅದು ಕೂಳೆ ಬೆಳೆ. ಬಿತ್ತನೆಯ ಖರ್ಚಿಲ್ಲ, ಉಳುಮೆಯ ಖರ್ಚಿಲ್ಲ. “ಅದಕ್ಕೇ ತಾನೇ ಬಿಡೋದು” ಅಂದರು ಬಾವ. ಮೊದಲನೇ ಕೂಳೆ ಚೆನ್ನಾಗಿಯೇ ಬರಬಹುದು. ಆದರೆ ಚಿಗುರದ ಬುಡ ಇರುವ ಕಡೆ ಹೊಸ ಸಸಿ ತುಂಬಬೇಕು, ಮೊದಲಿಗಿಂತ ಹೆಚ್ಚು ನಿಗಾ ಮಾಡಬೇಕು. ಹೇಗೂ ಬರುತ್ತದಲ್ಲ ಅಂತ ಕೈಬಿಟ್ಟರೆ ಎರಡನೆಯದಕ್ಕೆ ಇಳುವರಿ ಬೀಳುತ್ತದೆ, ಮೂರನೆಯದಕ್ಕೆ ಇನ್ನೂ ಬೀಳುತ್ತದೆ, ಕೊನೆಗೆ ಬುಡ ಕಿತ್ತು ಹೊಲ ಉತ್ತು ಮತ್ತೆ ತನಿ ನೆಡಬೇಕು.

ಗೇಮ್ ಸರಣಿಯ ಅರ್ಥಶಾಸ್ತ್ರ ಇದಕ್ಕಿಂತ ಬೇರೆ ಇದೆ ಅಂತ ನನಗೆ ಅನ್ನಿಸುವುದಿಲ್ಲ. 2007ರ ಮಾಡರ್ನ್ ವಾರ್‌ಫೇರ್ ಹೆಸರನ್ನೇ ಇಟ್ಟುಕೊಂಡು 2019ರಲ್ಲಿ ಮತ್ತೆ ಮೊದಲಿಂದ ಶುರು ಮಾಡಿದರಲ್ಲ, ಅದು ಬುಡ ಕಿತ್ತು ತನಿ ನೆಟ್ಟದ್ದು. 2023ರದ್ದು ಅದರ ಎರಡನೇ ಕೂಳೆ. ಡೂಮ್ 2 ನಿಗಾ ಮಾಡಿದ ಮೊದಲನೇ ಕೂಳೆ. ‘ಕೂಳೆ’ ಅನ್ನುವುದರಲ್ಲಿ ಬೈಗುಳ ಇಲ್ಲ, ಹೊಗಳಿಕೆಯೂ ಇಲ್ಲ, ಹಳೇ ಬುಡದಿಂದ ಎದ್ದದ್ದು ಅನ್ನುವ ಸಂಗತಿ ಮಾತ್ರ ಇದೆ. ನನಗೆ ಬೇಕಾಗಿದ್ದು ಅದೇ. ಒಂದೇ ತೊಡಕು: ‘ಕೂಳೆ’ ಅಂದರೆ ಭತ್ತ, ಜೋಳ ಕೊಯ್ದಮೇಲೆ ನೆಲದಲ್ಲಿ ಉಳಿಯುವ ಮೋಟು ಅಂತಲೂ ಅರ್ಥವಿದೆ. ಬರೀ ಮೋಟು ಅಂತ ತಿಳಿದವರಿಗೆ ಇದು ಅವಹೇಳನದಂತೆ ಕೇಳಿಸೀತು.

ಕಾವ್ಯದ ಕಡೆಯಿಂದಲೂ ಒಂದು ಮಾತು ಹೇಳಿಬಿಡುತ್ತೇನೆ, ತಿಳಿದವರು ತಿದ್ದಿ. ಕುಮಾರವ್ಯಾಸ 10 ಪರ್ವಕ್ಕೆ, ಗದಾಪರ್ವಕ್ಕೆ ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಮುಗಿಸಿದ. ನಮ್ಮ ಕಡೂರು ತಾಲ್ಲೂಕಿನ ದೇವನೂರಿನವನೆಂದು ನಾವು ಹೆಮ್ಮೆಪಡುವ ಲಕ್ಷ್ಮೀಶನೂ ಹಿಡಿದುಕೊಂಡದ್ದು ಯುದ್ಧ ಮುಗಿದ ಮೇಲಿನ ಅಶ್ವಮೇಧದ ಕಥೆಯನ್ನೇ, ಆದರೆ ಭಾಮಿನಿ ಬಿಟ್ಟು ವಾರ್ಧಕ ಷಟ್ಪದಿಯಲ್ಲಿ. ನಮ್ಮೂರಲ್ಲಿ ಗಮಕ ಇಟ್ಟುಕೊಂಡಾಗ ಕುಮಾರವ್ಯಾಸನನ್ನು ಓದುತ್ತಾರೆ, ಲಕ್ಷ್ಮೀಶನನ್ನು ಓದುತ್ತಾರೆ. ತಿಮ್ಮಣ್ಣಕವಿಯನ್ನು ಓದಿದ್ದು ನಾನು ಒಮ್ಮೆಯೂ ಕೇಳಿಲ್ಲ. ಮುಂದುವರಿಸಿದವನಿಗಿಂತ ಹೊಸ ನೀರು, ಹೊಸ ಪುಡಿ ಹಾಕಿದವನು ನಾಲಿಗೆಯ ಮೇಲೆ ಉಳಿದ. ಹೀಗೆ ಹಿಂದಿನವನದ್ದನ್ನು ಇನ್ನೊಬ್ಬ ಮುಂದುವರಿಸಿದ್ದಕ್ಕೆ ಹಳಗನ್ನಡ, ನಡುಗನ್ನಡದವರು ಬೇರೆ ಪದ ಏನಾದರೂ ಇಟ್ಟುಕೊಂಡಿದ್ದರೇ?

ಇನ್ನೂ ಕೆಲವು ಅನುಮಾನ. ‘ಡಿಕಾಕ್ಷನ್’ಗೆ ನಿಘಂಟು ‘ಕಷಾಯ’ ಅನ್ನುತ್ತದೆ. ಮಲೆನಾಡಿನ ಮನೆಯಲ್ಲಿ ಕಷಾಯ ಕೇಳಿ ನೋಡಿ, ಜೀರಿಗೆ ಕೊತ್ತಂಬರಿ ಕುದಿಸಿ ಕೊಡುತ್ತಾರೆ. ಎರಡನೇ ಕಷಾಯ ಅಂದರೆ ಇನ್ನೊಂದು ಲೋಟ ಹಾಕಿಕೊಡುತ್ತಾರೆ. ಆದ್ದರಿಂದ ಆ ಪದ ಹಾಗೇ ಇರಲಿ. ಫಿಲ್ಟರಿನಲ್ಲಿ ಕೊನೆಗೆ ಉಳಿಯುವ ಪುಡಿಗೆ ನಾವು ‘ಚರಟ’ ಅನ್ನುತ್ತೇವೆ, ಗುಲಾಬಿ ಗಿಡದ ಬುಡಕ್ಕೆ ಹಾಕುತ್ತೇವೆ. ‘ಚರಟ’ವನ್ನು ಸಿನಿಮಾಕ್ಕೋ ಪುಸ್ತಕಕ್ಕೋ ಗೇಮಿಗೋ ಬೈಗುಳವಾಗಿ ಬಳಸಿದ್ದನ್ನು ಯಾರಾದರೂ ಕೇಳಿದ್ದೀರಾ? ಮಂಡ್ಯ, ಮೈಸೂರು ಕಡೆಯ ಹುಡುಗರ ಬಾಯಲ್ಲಿ ‘ಸೆಕೆಂಡ್ ಡಿಕಾಕ್ಷನ್’ ಇದೆಯೇ, ಅಥವಾ ಇದು ಕಾಫಿ ಸೀಮೆಯಿಂದ ಹಾಸನದ ಹಾಸ್ಟೆಲಿನವರೆಗೆ ಮಾತ್ರ ಬಂದ ಮಾತೇ? ಕಾಫಿಯನ್ನು ಬಿಟ್ಟು ಬೇರೆ ಅರ್ಥದಲ್ಲಿ ಇದು ಅಚ್ಚಾಗಿದ್ದನ್ನು ಕಂಡವರಿದ್ದರೆ ದಯವಿಟ್ಟು ತಿಳಿಸಿ.

ಮೊನ್ನೆ ಅಮ್ಮನನ್ನೂ ಕೇಳಿದೆ. ಮೂಡಿಗೆರೆ ಕಡೆ ಅವರ ತವರಿನಲ್ಲಿ ಆ ಎರಡನೇ ಸಲ ಇಳಿಸಿದ್ದಕ್ಕೆ ಬೇರೆಯೇ ಹೆಸರಿತ್ತಂತೆ. ಆಳುಗಳೇ ಇಟ್ಟ ಹೆಸರು, ಅಜ್ಜಿಯ ಎದುರು ಯಾರೂ ಅನ್ನುತ್ತಿರಲಿಲ್ಲವಂತೆ. ಏನು ಅಂತ ಮಾತ್ರ ಅವರಿಗೆ ನೆನಪಾಗುತ್ತಿಲ್ಲ. ಮೂಡಿಗೆರೆ, ಸಕಲೇಶಪುರದ ಕಡೆಯವರು ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ.